ಕಾಮಾಲೆಯೂ ರಕ್ತದ ಕಿಣ್ವವೂ

1955ರ ಕೊನೆಗೆ ದಿಲ್ಲಿಯಲ್ಲಿ ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ಕುಡಿಯುವ ನೀರಿಗೆ ಸೇರಿತು. ಸುಮಾರು 29,000 ಜನಕ್ಕೆ ಕಾಮಾಲೆ. ಇಂದು ಹೆಪಟೈಟಿಸ್ ಇ ಎನ್ನುವ ವೈರಸ್ಸಿನ ಕೆಲಸ ಅದು. ಹೆಚ್ಚಾಗಿ ಮಲಗಿದವರು ಹರೆಯದವರು. ಹೆಚ್ಚು ಅಪಾಯಕ್ಕೆ ಸಿಕ್ಕವರು ಬಸುರಿಯರು.

ಯಕೃತ್ತಿನ ಜೀವಕೋಶ ಒಡೆದರೆ ಒಳಗಿನ ಎಎಲ್‌ಟಿ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಆರೋಗ್ಯದಲ್ಲೂ ಇದು ಗಂಡಸರಲ್ಲಿ ತುಸು ಹೆಚ್ಚು, ಹೆಂಗಸರಲ್ಲಿ ಕಡಿಮೆ. ಹೀಗಾಗಿ ಗಂಡಸಿಗೆ ಸಹಜವಾದ ಅಂಕೆ ಹೆಂಗಸಿಗೆ ಏರಿಕೆಯಾದೀತು. ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಬೆಳೆಯುವ ಮಕ್ಕಳಲ್ಲಿ ಮೂಳೆಯಿಂದಲೂ ತುಂಬು ಬಸುರಿಯಲ್ಲಿ ಮಾಸಿನಿಂದಲೂ ಬಂದು, ರೋಗವಿಲ್ಲದೆಯೂ ಏರಿರುತ್ತದೆ.

ಎಎಲ್‌ಟಿ ಇಳೀತು ಅಂದ್ರೆ ಗುಣವಾಯ್ತೇ? ಯಾವಾಗಲೂ ಅಲ್ಲ. ಒಡೆಯಲು ಕೋಶಗಳೇ ಉಳಿಯದಿದ್ದರೂ ಅಂಕೆ ಇಳಿಯುತ್ತದೆ. ಬಸುರಿಗೆ ಕಣ್ಣು ಹಳದಿಯಾದರೆ ಅಂಕೆ ಸಣ್ಣದೆಂದು ಸುಮ್ಮನಿರಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.