ಉಳವಿ ದಾರಿ, ಡೀಸೆಲ್ ಕಾರು, ಕ್ಲಚ್ಚಿನ ಲೆಕ್ಕ

ಕಳೆದ ದೀಪಾವಳಿ ಮುಗಿದ ಮೇಲೆ ನನ್ನ ಡೀಸೆಲ್ ಸ್ವಿಫ್ಟಿಗೆ ದಾಂಡೇಲಿಯಲ್ಲಿ ಹೊಸ ಕ್ಲಚ್ ಹಾಕಿಸಿದೆ. ಬಿಲ್ಲು 13,150 ರೂಪಾಯಿ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಸೇರಿ 7,200. ರಿಲೀಸ್ ಬೇರಿಂಗ್ 1,400. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ 450, ಗೇರ್ ಆಯಿಲ್ 900, ಲೇಬರ್ 3,200. ಇದೇ ಕೆಲಸಕ್ಕೆ ಹುಬ್ಬಳ್ಳಿಯ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹತ್ತೊಂಬತ್ತು ಸಾವಿರದಷ್ಟು ಆಗುತ್ತದೆ ಎಂದಿದ್ದರು.

ಹದಿಮೂರು ಸಾವಿರ ಒಟ್ಟಿಗೆ ಕೈಬಿಟ್ಟು ಹೋದರೆ ಯಾರಿಗಾದರೂ ಭಾರವೇ. ಆದರೆ ಹಳೆಯ ಕ್ಲಚ್ ಸುಮಾರು 88,000 ಕಿಲೋಮೀಟರ್ ನಡೆದಿತ್ತು. ಭಾಗಿಸಿ ನೋಡಿದರೆ ಕಿಲೋಮೀಟರಿಗೆ 15 ಪೈಸೆ. ಲೀಟರಿಗೆ 90 ರೂಪಾಯಿ ಆಸುಪಾಸಿನ ಡೀಸೆಲ್ಲಿಗೆ, ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಹಿಡಿದರೂ, ನಾವು ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ ಸುರಿಯುತ್ತೇವೆ. ಅದು ಕಣ್ಣಿಗೆ ಕಾಣುತ್ತದೆ, ಈ 15 ಪೈಸೆ ಕಾಣುವುದಿಲ್ಲ. ಕ್ಲಚ್ ಸವೆಯುವುದು ದಿನವೂ ಆಗುವ ಖರ್ಚು, ಬಿಲ್ಲು ಬರುವುದು ಮಾತ್ರ ಒಂದೇ ದಿನ. ಇಂಥದ್ದನ್ನು ಆಕಸ್ಮಿಕ ಖರ್ಚಿನ ಪಟ್ಟಿಗೆ ಸೇರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕಡೆಯ ರಸ್ತೆಗಳಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಜೋಯಿಡಾ, ಕುಂಬಾರವಾಡ ದಾಟಿ ಉಳವಿಗೆ ಹೋಗುವ ದಾರಿ ಕಾಡಿನ ನಡುವಿನದು. ಏರು, ಇಳಿಜಾರು, ತಿರುವು, ಕಿರಿದಾದ ಡಾಂಬರು. ಎದುರಿಗೆ ಬಸ್ಸು ಬಂದರೆ ಏರಿನ ಮಧ್ಯದಲ್ಲೇ ನಿಂತು ದಾರಿ ಬಿಟ್ಟು, ಮತ್ತೆ ಅಲ್ಲಿಂದಲೇ ಗಾಡಿ ಎತ್ತಬೇಕು. ಸ್ವಿಫ್ಟಿನ 1.3 ಲೀಟರ್ ಡೀಸೆಲ್ ಎಂಜಿನ್ನಿನ ಪೂರ್ಣ ಎಳೆತ, ಅಂದರೆ 190 ನ್ಯೂಟನ್ ಮೀಟರ್ ಟಾರ್ಕ್, ಸಿಗುವುದು 2,000 ಆರ್‌ಪಿಎಂನಲ್ಲಿ. ಅದಕ್ಕಿಂತ ಬಹಳ ಕೆಳಗೆ ಟರ್ಬೊ ಇನ್ನೂ ಎಚ್ಚೆತ್ತಿರುವುದಿಲ್ಲ, ಗಾಡಿ ಉಸಿರು ಹಿಡಿದಂತೆ ನಿಲ್ಲುತ್ತದೆ. ಆಗ ಎಲ್ಲರೂ ಮಾಡುವುದು ಹಾಫ್ ಕ್ಲಚ್. ಪೆಡಲನ್ನು ಅರ್ಧ ಒತ್ತಿ, ಆಕ್ಸಿಲರೇಟರ್ ಕೊಟ್ಟು, ಗಾಡಿ ಮೇಲೇಳುವವರೆಗೆ ಕಾಯುವುದು. ಆ ಹೊತ್ತಿನಲ್ಲಿ ಪ್ಲೇಟು ಫ್ಲೈವ್ಹೀಲಿಗೆ ಉಜ್ಜಿಕೊಂಡೇ ತಿರುಗುತ್ತದೆ, ಕಾಯುತ್ತದೆ, ಸವೆಯುತ್ತದೆ. ಹುಬ್ಬಳ್ಳಿ-ಧಾರವಾಡದ ಸಪಾಟು ರಸ್ತೆಯಲ್ಲಿ ಲಕ್ಷ ಕಿಲೋಮೀಟರ್ ಬಾಳುವ ಕ್ಲಚ್ ಇಲ್ಲಿ ಅಷ್ಟು ಬಾಳಲೇಬೇಕೆಂದು ಹಟ ಹಿಡಿಯುವಂತಿಲ್ಲ.

ಕ್ಲಚ್ ಹೋಗುವ ಮೊದಲು ಹೇಳಿಯೇ ಹೋಗುತ್ತದೆ. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಆರ್‌ಪಿಎಂ ಮುಳ್ಳು ಮೇಲೇರುತ್ತದೆ, ವೇಗ ಏರುವುದಿಲ್ಲ. ಪೆಡಲು ಪೂರ್ತಿ ಮೇಲೆ ಬಂದ ಮೇಲಷ್ಟೇ ಗಾಡಿ ಹಿಡಿದುಕೊಳ್ಳುತ್ತದೆ. ಸುಟ್ಟ ವಾಸನೆ ಬರುತ್ತದೆ. ನನ್ನ ಗಾಡಿಯಲ್ಲಿ ಮೊದಲು ಕಂಡದ್ದು ಮುಳ್ಳಿನ ಆಟ, ಅದೂ ಐದು ಜನ ತುಂಬಿಕೊಂಡು ಹತ್ತುವಾಗ ಮಾತ್ರ. ವಾಸನೆಯವರೆಗೆ ಕಾಯಲಿಲ್ಲ, ಅದೇ ವಾರ ಗ್ಯಾರೇಜಿಗೆ ಬಿಟ್ಟೆ. ಪ್ಲೇಟಿನ ಲೈನಿಂಗ್ ತೀರಾ ಸವೆದರೆ ಅದರ ರಿವೆಟ್ಟುಗಳು ಫ್ಲೈವ್ಹೀಲನ್ನು ಗೀರುತ್ತವೆ. ಆಗ ಲೇಥಿಗೆ ಕಳಿಸಿ ಫೇಸಿಂಗ್ ಮಾಡಿಸುವ ಖರ್ಚು, ಗೀರು ಆಳವಾಗಿದ್ದರೆ ಹೊಸ ಫ್ಲೈವ್ಹೀಲಿನ ಖರ್ಚು. ಇನ್ನೊಂದು ತಿಂಗಳು ತಳ್ಳೋಣ ಎಂದರೆ ಆ ತಿಂಗಳಿನ ಬೆಲೆ ಹೀಗೆ ಬರುತ್ತದೆ.

ಮಾಘ ಮಾಸದಲ್ಲಿ ಉಳವಿಯ ಚನ್ನಬಸವೇಶ್ವರರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಹೊರಡುವ ಮೊದಲು ಊರಿನಲ್ಲೇ ಗಾಲಿ, ಅಚ್ಚು, ಕೀಲು ನೋಡಿ ರಿಪೇರಿ ಮಾಡಿಸಿಕೊಳ್ಳುತ್ತಾರೆ. ಕಾಡಿನೊಳಗೆ ಬಡಿಗೇರ, ಕಮ್ಮಾರ ಸಿಗುವುದಿಲ್ಲ ಎಂದು ಅವರಿಗೆ ಗೊತ್ತು. ಕಾರಿನವರಾದ ನಾವು ಮಾತ್ರ ಮೊಬೈಲು ನಂಬಿ ಹೊರಡುತ್ತೇವೆ. ಜೋಯಿಡಾ ತಾಲೂಕಿನಲ್ಲಿ ಎಷ್ಟೋ ಕಡೆ ನೆಟ್‌ವರ್ಕೇ ಇಲ್ಲ. ಉಳವಿ ದಾರಿಯಲ್ಲಿ ಕ್ಲಚ್ ಪೂರ್ತಿ ಕೈಕೊಟ್ಟರೆ ಗಾಡಿಯನ್ನು ದಾಂಡೇಲಿಗೆ ಎಳೆಸಿಕೊಂಡು ಬರುವ ಬಾಡಿಗೆಯೇ ಗೇರ್‌ಬಾಕ್ಸ್ ಇಳಿಸುವ ಲೇಬರನ್ನು ಮೀರಬಹುದು.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಸಹಜ ಸವೆತಕ್ಕೆ ಕಾರಿನ ವಿಮೆ ಹಣ ಕೊಡುವುದಿಲ್ಲ. ಪಾಲಿಸಿಯಲ್ಲಿ ಗಾಡಿ ಎಳೆಸಲು ಇರುವ 1,500 ರೂಪಾಯಿಯೂ ಅಪಘಾತವಾದರೆ ಮಾತ್ರ. ರೋಡ್‌ಸೈಡ್ ಅಸಿಸ್ಟೆನ್ಸ್ ಬೇರೆಯಾಗಿ ತೆಗೆದುಕೊಂಡಿದ್ದರೆ ಎಷ್ಟು ಕಿಲೋಮೀಟರಿನವರೆಗೆ ಪುಕ್ಕಟೆ ಎಂದು ಇವತ್ತೇ ತೆಗೆದು ಓದಿ.

ಗ್ಯಾರೇಜಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, ಪ್ಲೇಟೊಂದೇ ಹಾಕಿದರೆ ಆಗುವುದಿಲ್ಲವೇ ಎಂದು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, “ಹಾಕಬಹುದ್ರಿ ಸರ್ರ, ಆದ್ರ ಬೇರಿಂಗ್ ಆರು ತಿಂಗಳಿಗೆ ಕೂಗಾಕ ಹತ್ತಿದ್ರ ಮತ್ತ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಆವಾಗ ಲೇಬರ್ ಬ್ಯಾಡ ಅಂತ ನಾನೂ ಅನ್ನಂಗಿಲ್ಲ” ಅಂದರು. ಅವರ ಮಾತಿನಲ್ಲಿ ಹಣಕಾಸಿನ ಪಾಠವೇ ಇದೆ. ಬೇರಿಂಗ್ ಬಿಟ್ಟರೆ ಇಂದು ಉಳಿಯುವುದು 1,400. ನಾಳೆ ಅದು ಕೆಟ್ಟರೆ ಆ 1,400ರ ಜೊತೆ ಲೇಬರ್ 3,200, ಗೇರ್ ಆಯಿಲ್ 900, ಒಟ್ಟು 5,500. ಸೀಲಿನದೂ ಅದೇ ಕತೆ. 450 ರೂಪಾಯಿಯ ಸೀಲು ಸೋರಿ ಆಯಿಲ್ ಬಿದ್ದರೆ ಹೊಸ ಪ್ಲೇಟು ಹಾಳು. ಕೆಲಸದಲ್ಲಿ ದುಬಾರಿಯಾದದ್ದು ಬಿಚ್ಚುವುದು. ಒಮ್ಮೆ ಬಿಚ್ಚಿದ ಮೇಲೆ ಒಳಗೆ ಕೈಗೆ ಸಿಗುವ, ಮುಂದೆ ಸವೆಯಲಿರುವ ಎಲ್ಲವನ್ನೂ ಬದಲಿಸಿಬಿಡುವುದೇ ಉಳಿತಾಯ. ಹಳೆಯ ಸಾಮಾನು ಮಾತ್ರ ಕೇಳಿ ಪಡೆದು ಕಣ್ಣಾರೆ ನೋಡಿ. ನಮ್ಮ ಮೇಸ್ತ್ರಿ ಕೇಳುವ ಮೊದಲೇ ಡಿಕ್ಕಿಯಲ್ಲಿ ಇಟ್ಟಿದ್ದರು.

ಬಿಡಿಭಾಗ ಕೊಳ್ಳುವಾಗ ತೆರಿಗೆಯ ಕಡೆಗೂ ಗಮನವಿರಲಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ನನ್ನ 7,200ರ ಸೆಟ್ಟು ಹಳೆಯ ದರದಲ್ಲಿ 7,800 ಆಗುತ್ತಿತ್ತು. ಅಂಗಡಿಯಲ್ಲಿ ಹಳೆಯ ದಾಸ್ತಾನಿನ ಡಬ್ಬಿ ಇದ್ದರೆ ಅದರ ಮೇಲೆ ಹಳೆಯ ಎಂಆರ್‌ಪಿಯೇ ಇರಬಹುದು. ಪಕ್ಕಾ ಬಿಲ್ ಕೇಳಿ. ತೆರಿಗೆಯ ಜೊತೆಗೆ, ಸಾಮಾನು ಅಸಲಿ ಎಂಬುದಕ್ಕೂ ವಾರಂಟಿಗೂ ಅದೇ ಆಧಾರ.

ಹಣ ಎಲ್ಲಿಂದ ಬಂತು? ನಾವು ಗಾಡಿಗೆಂದೇ ಬೇರೆ ಉಳಿತಾಯ ಖಾತೆ ಇಟ್ಟಿದ್ದೇವೆ. ತಿಂಗಳ ಕೊನೆಗೆ ಮೀಟರ್ ನೋಡಿ ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಹಾಕುತ್ತೇವೆ. ನಾಲ್ಕು ಟೈರಿಗೆ 20,000 ಹಿಡಿದು 45,000 ಕಿಲೋಮೀಟರ್ ಬಾಳಿಕೆ ಎಂದರೆ 44 ಪೈಸೆ, ಬ್ಯಾಟರಿಗೆ 12, ಕ್ಲಚ್ಚಿಗೆ 15. ಉಳಿದ 29 ಪೈಸೆ ಬ್ರೇಕು, ಸಸ್ಪೆನ್ಷನ್ ಇತ್ಯಾದಿಗೆ. ಬ್ಯಾಂಕಿನ ಆ್ಯಪ್ ಬೇಡವೆನ್ನುವವರಿಗೆ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಇದೆ, ತಿಂಗಳಿಗೆ 100 ರೂಪಾಯಿಯಿಂದಲೂ ಕಟ್ಟಬಹುದು. ಕ್ಲಚ್ಚಿನಂಥ ಖರ್ಚಿಗೆ ಕ್ರೆಡಿಟ್ ಕಾರ್ಡಿನ ಕಂತು ಹಾಕಿಸಿಕೊಂಡು ಬಡ್ಡಿ ಕಟ್ಟುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಳೆಯ ಡೀಸೆಲ್ ಕಾರು ಕೊಳ್ಳಲು ಹೊರಟವರು ಒಂದು ಪ್ರಶ್ನೆ ಕೇಳಲೇಬೇಕು: ಈ ಮಾಡೆಲಿನಲ್ಲಿ ಡ್ಯುಯಲ್ ಮಾಸ್ ಫ್ಲೈವ್ಹೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ತುಂಡಿನ ಫ್ಲೈವ್ಹೀಲ್) ಇದೆಯೇ? ಇದ್ದರೆ, ಅದು ಕೆಟ್ಟಾಗ ನನ್ನ ಬಿಲ್ಲಿನಂಥ ಬಿಲ್ಲು ನೆನಪಿಗೂ ಬರುವುದಿಲ್ಲ, ಖರ್ಚು ಹಲವು ಪಟ್ಟು. ಬೆಲೆ ಚೌಕಾಸಿ ಮಾಡುವ ಮೊದಲು ಗಾಡಿಯನ್ನು ಏರಿನಲ್ಲಿ ಓಡಿಸಿ ನೋಡಿ.

ಜಾತ್ರೆಗೆ ಹಳೆಯ ಡೀಸೆಲ್ ಗಾಡಿಯಲ್ಲಿ ಬರುವವರು ತಿಂಗಳ ಮೊದಲೇ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಿಮ್ಮೂರಿನ ಒಂದು ಏರು ಹತ್ತಿಸಿ, ಆರ್‌ಪಿಎಂ ಮುಳ್ಳು ನೋಡಿ. ಸಂಶಯ ಬಂದರೆ ನಿಮ್ಮೂರಲ್ಲೇ ತೋರಿಸಿ. ಅದಾಗದಿದ್ದರೆ ದಾಂಡೇಲಿಯಲ್ಲಾದರೂ ನಿಲ್ಲಿಸಿ ತೋರಿಸಿ, ಆಮೇಲೆ ಉಳವಿಗೆ ಹೊರಡಿ.