ಚೊಗರು ಕೊಟ್ಟ ಬಣ್ಣ

ಆ ರಾತ್ರಿ ನಾನು ಬರೆದ ಅಂಕ ನೂರಕ್ಕೆ 91. ಕೆಂಟಕಿಯ ಲೂಯಿವಿಲ್‌ನ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಐದು ಗ್ಲಾಸು ಸಾಲಾಗಿ ನಿಂತಿದ್ದವು. ಯಾವುದರಲ್ಲಿ ಯಾವ ಬರ್ಬನ್ ವಿಸ್ಕಿ ಇದೆ ಅಂತ ಸುರಿದಿಟ್ಟ ಹೆಂಡತಿಗೆ ಮಾತ್ರ ಗೊತ್ತು. ಮೂರನೆಯ ಗ್ಲಾಸು ಎತ್ತಿದಾಗಲೇ ನಾನು ಸೋತುಹೋಗಿದ್ದೆ. ಜೋನಿಬೆಲ್ಲದಂಥ ಬಣ್ಣ. ಮೂಗಿಗೆ ವೆನಿಲ್ಲಾ, ಕರಗಿದ ಸಕ್ಕರೆ, ಒಣಕೊಬ್ಬರಿ, ಹಿಂದೆಯೇ ಒಂದಿಷ್ಟು ಲವಂಗ. 'ಎಂಟು ವರ್ಷಕ್ಕೆ ಕಡಿಮೆ ಇರೋದಕ್ಕೆ ಸಾಧ್ಯವೇ ಇಲ್ಲ' ಅಂದೆ, ಬಲ್ಲವನ ಗತ್ತಿನಲ್ಲಿ.

ಹೆಂಡತಿ ಒಳಗಿನಿಂದ ಬಾಟಲಿ ತಂದಿಟ್ಟಳು. ಹಿಂದಿನ ವಾರ ನಾನೇ ಕೊಂಡು ತಂದದ್ದು! ಲೇಬಲ್‌ನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ವರ್ಷದ್ದು ಅಂತ ಬರೆದಿತ್ತು. ಅದರ ಪಕ್ಕದಲ್ಲೇ, ಹುರಿದ ಓಕ್ ಪಟ್ಟಿಗಳನ್ನು ಹಾಕಿ ಮುಗಿಸಿದ್ದು ಅಂತಲೂ ಇತ್ತು. ಅಮೆರಿಕದ ಕಾನೂನಿನಂತೆ ವಿಸ್ಕಿ 4 ವರ್ಷಕ್ಕಿಂತ ಎಳೆಯದಾದರೆ ವಯಸ್ಸನ್ನು ಹಾಕಲೇಬೇಕು. ತಯಾರಕರು ಮುಚ್ಚಿಟ್ಟಿರಲಿಲ್ಲ, ನಾನೇ ಓದಿರಲಿಲ್ಲ.

ಅವತ್ತು ರುಚಿ ನೋಡಲು ಬಂದಿದ್ದವರಲ್ಲಿ ಪಕ್ಕದ ಬೀದಿಯ ಹಿರಿಯರೊಬ್ಬರಿದ್ದರು. ಬರ್ಬನ್ ಉಗ್ರಾಣಗಳಲ್ಲಿ ಪೀಪಾಯಿ ಉರುಳಿಸುತ್ತಲೇ ನಿವೃತ್ತರಾದವರು. ಅವರು ನಗಲಿಲ್ಲ. ನನ್ನ ಗ್ಲಾಸಿಗೆ ಒಂದು ಚಮಚ ನೀರು ಹಾಕಿ, ಮೇಲೊಂದು ತಟ್ಟೆ ಮುಚ್ಚಿ, 'ಇಪ್ಪತ್ತು ನಿಮಿಷ ಅದನ್ನ ಮುಟ್ಟಬೇಡ' ಅಂದರು. ತಟ್ಟೆ ತೆಗೆದಾಗ ವೆನಿಲ್ಲಾ ಹಿಂದೆ ಸರಿದಿತ್ತು. ಅದರ ಜಾಗದಲ್ಲಿ ನೆನೆಸಿಟ್ಟ ಮೆಕ್ಕೆಜೋಳದ ಹಸಿವಾಸನೆ, ನೇಲ್ ಪಾಲಿಶ್ ರಿಮೂವರ್‌ನ ಚುರುಕು. ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ನಡುವೆ ಏನೂ ಇಲ್ಲ, ಕೊನೆಗೆ ನಾಲಿಗೆಯ ಅಂಚೆಲ್ಲ ಹಿಡಿದುಕೊಳ್ಳುವ ಒಗರು.

ಆ ಒಗರಿನಿಂದ ನನಗೆ ತೀರ್ಥಹಳ್ಳಿಯ ಅಡಿಕೆ ಚಪ್ಪರ ನೆನಪಾಯಿತು. ನಮ್ಮಲ್ಲಿ ಕೆಂಪಡಿಕೆ ಮಾಡುವಾಗ ಎಳೆಯ ಕಾಯಿ ಸುಲಿದು, ಬೇಯಿಸಿ, ಚೊಗರು ಕೊಡುತ್ತಾರೆ. ಅಡಿಕೆ ಬೇಯಿಸಿದ ನೀರೇ ಗಟ್ಟಿಯಾಗಿ ಆದದ್ದು ಚೊಗರು. ಅದರಿಂದ ಅಡಿಕೆಗೆ ಬಣ್ಣವೂ ಹೊಳಪೂ ಬರುತ್ತವೆ. ಒಳ್ಳೆಯ ಅಡಿಕೆಗೆ ಅದು ಶೃಂಗಾರ, ಕಳಪೆಗೆ ಮುಖವಾಡ. ಅಪ್ಪಯ್ಯ ಅಡಕತ್ತರಿ ಕೈಗೆ ಕೊಟ್ಟು, 'ಬಣ್ಣ ಕಂಡು ಮರುಳಾಗಬೇಡ ಮಾರಾಯ, ಕತ್ತರಿಸಿ ಒಳಗೆ ನೋಡು' ಅನ್ನುತ್ತಿದ್ದರು. ಕವಳ ಬಿಟ್ಟರೆ ಬೇರೆ ಚಟವಿಲ್ಲದ ಅವರ ಪಾಠ ಮಗನಿಗೆ ಎಲ್ಲಿ ಉಪಯೋಗಕ್ಕೆ ಬಂತು ಅಂತ ನಾನಿನ್ನೂ ಅವರಿಗೆ ಹೇಳಿಲ್ಲ.

ನಾನು ಮೋಸಹೋದದ್ದಕ್ಕೆ ಒಂದು ಕಾರಣವಿತ್ತು. ಬರ್ಬನ್‌ಗೆ ಹೊರಗಿನಿಂದ ಬಣ್ಣವನ್ನಾಗಲಿ ರುಚಿಯನ್ನಾಗಲಿ ಸೇರಿಸುವಂತಿಲ್ಲ. ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳವಿರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಹಾಗಾಗಿ ಕಡು ಬಣ್ಣ ಅಂದರೆ ಹೆಚ್ಚು ವರ್ಷ ಅಂತ ನಾನು ಲೆಕ್ಕ ಹಾಕಿದ್ದೆ. ಆದರೆ ಬಣ್ಣ ಕೊಡುವುದು ಮರ, ವರ್ಷವಲ್ಲ. ಮರವನ್ನು ಹೆಚ್ಚಿಸಿದರೆ ಬಣ್ಣವೂ ಬೇಗ ಹೆಚ್ಚುತ್ತದೆ. ಓಕನ್ನು ಹದವಾಗಿ ಹುರಿದಾಗ ಅದರಲ್ಲಿರುವ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ಮರದ ಸಕ್ಕರೆ ಕೆಂಪಾಗುತ್ತದೆ. ಕೊಬ್ಬರಿಯ ವಾಸನೆ ಓಕ್‌ನ ಲ್ಯಾಕ್ಟೋನ್‌ನದು, ಲವಂಗದ್ದು ಯೂಜಿನಾಲ್‌ನದು. ಇವೆಲ್ಲ ಕೆಲವೇ ವಾರಗಳಲ್ಲಿ ಇಳಿದುಬಿಡುತ್ತವೆ, ಜೊತೆಗೆ ಟ್ಯಾನಿನ್ ಎಂಬ ಒಗರೂ.

ಆದರೆ ಪೀಪಾಯಿಯ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗಾಲದಲ್ಲಿ ಹಿಂದೆ ಸರಿಯುತ್ತದೆ. ಸುಟ್ಟ ಪದರದ ಇದ್ದಿಲು ಗಂಧಕದ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಮರದ ಮೂಲಕ ಸುಳಿಯುವ ಗಾಳಿಯಿಂದ ಹಸಿತನ ನಿಧಾನವಾಗಿ ಕಳೆದು ಹಣ್ಣಿನ ಪರಿಮಳ ಹುಟ್ಟುತ್ತದೆ. ಈ ಭಾಗಕ್ಕೆ ಅಡ್ಡದಾರಿ ಇಲ್ಲ. ಓಕ್ ಪಟ್ಟಿ ಇನ್ನೊಂದು ಹಿಡಿ ಹಾಕಿದರೆ ಹಸಿತನ ಮುಚ್ಚಿಹೋಗಬಹುದು, ಮಾಗಲಾರದು.

ಹಾಗಂತ ಹೆಚ್ಚುವರಿ ಓಕ್ ಅಂದರೆ ಮೋಸ ಅಂತ ತೀರ್ಮಾನಿಸಿದ್ದು ನನ್ನ ಎರಡನೆಯ ತಪ್ಪು. ಕೆಲವು ತಿಂಗಳು ಅಂಥ ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದೆ. ಆ ಹಿರಿಯರೇ ಒಮ್ಮೆ ಮೇಕರ್ಸ್ ಮಾರ್ಕ್ 46 ಕುಡಿಸಿದರು. 2010ರಲ್ಲಿ ಬಂದ ಅದರಲ್ಲಿ, ಆಗಲೇ ಮಾಗಿದ ಬರ್ಬನ್‌ಗೆ 10 ಫ್ರೆಂಚ್ ಓಕ್ ಪಟ್ಟಿಗಳನ್ನು ಸೇರಿಸಿ ಮತ್ತೆ ಕೆಲವು ವಾರ ಇಡುತ್ತಾರೆ. ವುಡ್‌ಫೋರ್ಡ್ ರಿಸರ್ವ್ ಡಬಲ್ ಓಕ್ಡ್‌ನಲ್ಲಿ, ಮಾಗಿದ್ದನ್ನು ಚೆನ್ನಾಗಿ ಹುರಿದು ಹಗುರವಾಗಿ ಸುಟ್ಟ ಎರಡನೆಯ ಪೀಪಾಯಿಗೆ ಬಗ್ಗಿಸುತ್ತಾರೆ. ಎರಡರಲ್ಲೂ ಮರ ಒಗ್ಗರಣೆ ಇದ್ದ ಹಾಗೆ. ನನ್ನ ಬಾಟಲಿಯಲ್ಲಿ ಬೇಳೆಯೇ ಬೆಂದಿರಲಿಲ್ಲ.

ವರ್ಷದ ಅಂಕಿಯನ್ನೇ ನಂಬಿ ಕೂರುವುದೂ ಸರಿಯಲ್ಲ. ಕೆಂಟಕಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 4% ಆವಿಯಾದರೆ ಬೆಂಗಳೂರಿನ ಅಮೃತ್ ವಿಸ್ಕಿ ಕಾರ್ಖಾನೆಯಲ್ಲಿ 10ರಿಂದ 12% ಹೋಗುತ್ತದೆ. ಆ ಸೆಕೆಯಲ್ಲಿ ನಾಲ್ಕೈದು ವರ್ಷದ ಮಾಲ್ಟ್ ಕೂಡ ಮಾಗಿದಂತಿರುತ್ತದೆ. ಕೆಂಟಕಿಯ ಒಂದೇ ಉಗ್ರಾಣದಲ್ಲೂ ಮೇಲಿನ ಅಂತಸ್ತಿನ ಪೀಪಾಯಿ ಬಿಸಿಯಲ್ಲಿ ಓಡುತ್ತದೆ, ಕೆಳಗಿನದು ನಡೆಯುತ್ತದೆ. ಬಣ್ಣವೂ ಸಂಖ್ಯೆಯೂ ಸಾಕ್ಷಿ ಹೇಳಬಹುದು, ತೀರ್ಪು ಮಾತ್ರ ನಾಲಿಗೆಯದು.

ಈಗ ನನ್ನ ಕ್ರಮ ಬೇರೆ. ಮೊದಲು ಲೇಬಲ್‌ನ ಸಣ್ಣ ಅಕ್ಷರ ಓದುತ್ತೇನೆ. ಹೆಚ್ಚುವರಿ ಓಕ್ ಹಾಕಿದ್ದರ ಪಕ್ಕದಲ್ಲಿ ಸಾದಾ ನಾಲ್ಕು ವರ್ಷದ ಬರ್ಬನ್ ಒಂದನ್ನು ಇಟ್ಟುಕೊಳ್ಳುತ್ತೇನೆ, ಹೋಲಿಕೆಯಿಲ್ಲದೆ ನಾಲಿಗೆಗೆ ಅಳತೆ ಸಿಗುವುದಿಲ್ಲ. ಮೊದಲ ಗುಟುಕಿಗೆ ಅಂಕ ಕೊಡುವುದಿಲ್ಲ, ಅದು ಬಾಯಿ ಒಗ್ಗಿಸಿಕೊಳ್ಳುವುದಕ್ಕೆ. ನೀರು ಹಾಕಿ, ಕಾದು, ಮತ್ತೆ ಮೂಸುತ್ತೇನೆ. ಮೊದಲ ಸಿಹಿ ಇಳಿದ ಮೇಲೆ ನಾಲಿಗೆಯ ನಡುವೆ ಏನು ಉಳಿಯಿತು ಅಂತ ನೋಡುತ್ತೇನೆ. ಒಗರು ಕಂಡರೆ ಅದು ಡಿಕಾಕ್ಷನ್‌ನಂತೆ ರುಚಿಯೊಳಗೆ ಸೇರಿದೆಯೋ, ಎಳೆ ಬಾಳೆಕಾಯಿಯಂತೆ ಬೇರೆಯಾಗಿ ನಿಂತಿದೆಯೋ ಅಂತ ವಿಚಾರಿಸುತ್ತೇನೆ. ಅಂಕ ಬರೆಯುವುದು ಎರಡನೆಯ ಸಂಜೆಗೇ.

ಆ ಮೂರನೆಯ ಗ್ಲಾಸಿಗೆ ಎರಡನೆಯ ಸಂಜೆ 78 ಕೊಟ್ಟೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಿತ್ತಳೆ ಸಿಪ್ಪೆ, ಸಕ್ಕರೆ, ಬಿಟರ್ಸ್ ಹಾಕಿ ಓಲ್ಡ್ ಫ್ಯಾಶನ್ಡ್ ಕಾಕ್‌ಟೇಲ್ ಮಾಡಿದರೆ ಮರದ ಜೋರು ಅಲ್ಲಿ ಹೊಂದಿಕೊಂಡುಬಿಡುತ್ತಿತ್ತು. ಬಾಟಲಿ ಖಾಲಿಯಾದದ್ದೂ ಹಾಗೆಯೇ.

ಕೊನೆಯ ಪರೀಕ್ಷೆಗೆ ಖರ್ಚಿಲ್ಲ. ರಾತ್ರಿ ಗ್ಲಾಸುಗಳನ್ನು ತೊಳೆಯದೆ ಬಿಟ್ಟು ಬೆಳಿಗ್ಗೆ ಕಾಫಿಗೆ ಮೊದಲು ಮೂಸುವುದು. ಆ ರಾತ್ರಿಯ ಮರುದಿನ, ಭಾನುವಾರ, ಸಿಂಕಿನ ಪಕ್ಕ ಐದೂ ಒಣಗಿ ನಿಂತಿದ್ದವು. ಎರಡರಲ್ಲಿ ಇನ್ನೂ ಜೇನು, ಒಣದ್ರಾಕ್ಷಿಯ ವಾಸನೆ ಇತ್ತು. ನಾನು 91 ಕೊಟ್ಟದ್ದರಲ್ಲಿ ಇದ್ದದ್ದು ಬಡಗಿಯ ಅಂಗಳದ ವಾಸನೆ. ಹೆಂಡತಿ ಅದನ್ನೇ ಮೂಸಿ, 'ರೀ, ಇದರಲ್ಲಿ ಬರೀ ಮರದ ಹೊಟ್ಟಿದೆ' ಅಂದಳು. ಅವಳು ಬರ್ಬನ್ ಮುಟ್ಟುವವಳೇ ಅಲ್ಲ.