ಎರಡು ಹೂರಣ, ಒಂದೇ ಹೋಳಿಗೆ

ತಂಗೀ, ಲೋಣಾವಳಾದಲ್ಲಿ ನಿನ್ನ ಸಂಸಾರದ ಮೊದಲ ಸಂಕ್ರಾಂತಿ ಇದು. ತವರಿನ ಶೇಂಗಾ ಹೋಳಿಗೆ ಮಾಡಲೋ, ಅತ್ತೆಮನೆಯ ಎಳ್ಳಿನ ಗುಳಪೋಳಿ ಮಾಡಲೋ ಎಂದು ಕೇಳಿದ್ದೀಯ. ಎರಡೂ ಹೂರಣ ಒಂದೇ ಹೋಳಿಗೆಯಲ್ಲಿ ಕೂಡಲಿ ಎಂಬುದು ನನ್ನ ಮಾತು. ವಿಜಯಪುರದ ಕಡೆಯಿಂದ ಬಂದು ಈ ಘಟ್ಟದ ಮೇಲೆ ನೆಲೆಸಿದ ನಮ್ಮ ಮನೆಯಲ್ಲಿ ಹಬ್ಬಕ್ಕೆ ಆಗುವುದೂ ಅದೇ. ಆದರೆ ಎರಡು ಡಬ್ಬಿ ತೆಗೆದು ಒಂದರೊಳಗೊಂದು ಸುರಿದರೆ ಹೂರಣವಾಗುವುದಿಲ್ಲ. ಎಳ್ಳಿನ ಹದ ಬೇರೆ, ಶೇಂಗಾದ ಹದ ಬೇರೆ. ಒಂದೊಂದಕ್ಕೂ ಅದರದರ ಹದ ಕೊಟ್ಟು, ಆಮೇಲೆ ಕೂಡಿಸಬೇಕು.

ಸಂಪ್ರದಾಯ ಮುರಿದಂತಾಗುತ್ತದೇನೋ ಎಂಬ ಅಂಜಿಕೆ ಬೇಡ. ಎಳ್ಳು ನಮ್ಮ ನೆಲದ ಹಳೆಯ ಬೆಳೆ. ಹರಪ್ಪದ ಅಗೆತದಲ್ಲೇ ಸುಟ್ಟ ಎಳ್ಳು ಸಿಕ್ಕಿದೆ. ಶೇಂಗಾ ಹಾಗಲ್ಲ, ಅದು ದಕ್ಷಿಣ ಅಮೆರಿಕದಿಂದ ಬಂದದ್ದು. ಸುಮಾರು 1508ರಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಸೂಪಶಾಸ್ತ್ರ ಬರೆದಾಗ ನಮ್ಮ ಅಡುಗೆಮನೆಗಳಲ್ಲಿ ಶೇಂಗಾ ಇರಲಿಲ್ಲ. ಹಾಗೆ ಬಂದದ್ದು ಇವತ್ತು ಉತ್ತರ ಕರ್ನಾಟಕದ ಹಬ್ಬದ ಹೋಳಿಗೆಯೊಳಗೇ ಕೂತಿದೆ. ಹಳೆ ಮೈಸೂರಿನ ಕಡೆ ಸಂಕ್ರಾಂತಿಗೆ ಬೀರುವ ಎಳ್ಳುಬೆಲ್ಲದಲ್ಲೂ ಎಳ್ಳು, ಶೇಂಗಾ, ಬೆಲ್ಲ, ಕೊಬ್ಬರಿ, ಹುರಿಗಡಲೆ ಕೂಡಿಯೇ ಇರುತ್ತವೆ. ಹಬ್ಬವೇ ಕೂಡಿಸಿದ್ದನ್ನು ನಾವು ಬೇರೆ ಇಡಬೇಕಾಗಿಲ್ಲ.

ಮೊದಲ ಪಾಠ ಹುರಿಯುವುದು. ಎರಡನ್ನೂ ಒಟ್ಟಿಗೆ ಬಾಣಲೆಗೆ ಹಾಕಬೇಡ. ಶೇಂಗಾ ಬೇಯುವಷ್ಟರಲ್ಲಿ ಎಳ್ಳು ಸೀದು ಕಹಿಯಾಗುತ್ತದೆ. ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ನಿಧಾನವಾಗಿ ಹುರಿ. ಸಿಪ್ಪೆ ಬಿರಿದ ಮಾತ್ರಕ್ಕೆ ಇಳಿಸಬೇಡ. ಒಂದು ಕಾಳನ್ನು ಇಬ್ಭಾಗ ಮಾಡಿ ಒಳಗೆ ನೋಡು. ಬೆಳ್ಳಗಿದ್ದರೆ ಇನ್ನೂ ಹಸಿ, ಕಂದು ಮಚ್ಚೆ ಬಿದ್ದಿದ್ದರೆ ಹೆಚ್ಚಾಯಿತು, ತಿಳಿ ಹೊಂಬಣ್ಣ ಬಂದಿದ್ದರೆ ಅದೇ ಹದ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸು.

ಎಳ್ಳಿಗೆ ಬೇಕಾದದ್ದು ಕೆಲವೇ ನಿಮಿಷ, ಆದರೆ ಕಣ್ಣು ಆ ಕಡೆ ಈ ಕಡೆ ಹೋಗಬಾರದು. ಪಾಲಿಶ್ ಮಾಡದ ಎಳ್ಳು ತಗೋ, ರುಚಿ ಅದರಲ್ಲೇ ಹೆಚ್ಚು. ಕಾಳು ಉಬ್ಬಿ ಚಟಪಟ ಸಿಡಿಯಲು ಶುರುವಾದ ಕೂಡಲೇ ತಾಟಿಗೆ ಸುರಿದುಬಿಡು. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಎಳ್ಳು ಕರ್ರಗಾಗುತ್ತದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡು. ಕಹಿ ಅನ್ನಿಸಿದರೆ ಅಷ್ಟನ್ನೂ ಪಕ್ಕಕ್ಕಿಡು. ಎಷ್ಟು ಬೆಲ್ಲ ಸುರಿದರೂ ಎಳ್ಳಿನ ಕಹಿ ಹೋಗುವುದಿಲ್ಲ.

ಎರಡನೆಯದು ಬೆಲ್ಲ. ಈ ಊರಿನಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಲೋಣಾವಳಾ ಅಂದರೆ ಚಿಕ್ಕಿ, ಸ್ಟೇಷನ್ನಿನಿಂದ ಹೆದ್ದಾರಿಯವರೆಗೂ ಚಿಕ್ಕಿಯ ಅಂಗಡಿಗಳೇ. ಹಾಗಾಗಿ ಸಂಕ್ರಾಂತಿ ಹೊತ್ತಿಗೆ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೇಳಿದರೆ ಚಿಕ್ಕಿ ಗುಳ ಕೈಗೆ ಬರಬಹುದು. ಅದು ಅಂಟುಬೆಲ್ಲ. ಕಾಸಿ ಪಾಕ ಮಾಡಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮುರಿದರೆ ಕಟ್ಟನೆ ಮುರಿಯುತ್ತದೆ. ಚಿಕ್ಕಿಗೆ ಬೇಕಾದ ಗುಣವೇ ಅದು. ಹೋಳಿಗೆಯೊಳಗೆ ಹೋದರೆ ಅದೇ ಗುಣ ತೊಂದರೆ ಕೊಡುತ್ತದೆ. ಹಂಚಿನ ಮೇಲೆ ಕರಗಿ ಜಿನುಗುತ್ತದೆ, ಆರಿದ ಮೇಲೆ ಹಲ್ಲಿಗೆ ಕಲ್ಲಾಗುತ್ತದೆ. ನಿನಗೆ ಬೇಕಾದದ್ದು ದಿನಬಳಕೆಯ ಮೆತ್ತನೆಯ ಬೆಲ್ಲ, ಪೋಳಿಗೆ ಎಂದು ಹೇಳಿಯೇ ಕೇಳು. ಕೊಲ್ಲಾಪುರದ ಬೆಲ್ಲ ಇಲ್ಲಿ ಸುಲಭವಾಗಿ ಸಿಗುತ್ತದೆ, ಅದು ಭೌಗೋಳಿಕ ಸೂಚ್ಯಂಕ ಪಡೆದ ಬೆಲ್ಲ. ಊರಿಗೆ ಹೋದಾಗ ಮಹಾಲಿಂಗಪುರದ ಬೆಲ್ಲ ಸಿಕ್ಕರೆ ಅದನ್ನೇ ತಾ. ಕುಟ್ಟಿದರೆ ಹರಳು ಉಳಿಯುತ್ತದೆ, ಲಟ್ಟಿಸುವಾಗ ಆ ಹರಳೇ ಕಣಕವನ್ನು ಹರಿಯುತ್ತದೆ. ಆದ್ದರಿಂದ ಬೆಲ್ಲವನ್ನು ಸಣ್ಣಗೆ ತುರಿದುಕೋ. ಈ ಹೂರಣಕ್ಕೆ ಪಾಕ ಬೇಡ, ಒಂದು ಹನಿ ನೀರೂ ಬೇಡ.

ಅಳತೆ ಹೀಗೆ: ಶೇಂಗಾ ಪುಡಿ 2 ಬಟ್ಟಲು, ಎಳ್ಳಿನ ಪುಡಿ 1 ಬಟ್ಟಲು, ತುರಿದ ಬೆಲ್ಲ 2 ಬಟ್ಟಲು, ಕಡಲೆಹಿಟ್ಟು ಕಾಲು ಬಟ್ಟಲು. ಶೇಂಗಾ, ಎಳ್ಳು ಎರಡರಲ್ಲೂ ತೂಕದ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬಿಟ್ಟು ಬಿಟ್ಟು ತಿರುಗಿಸು. ಎಳ್ಳಿನ ಜೊತೆ ಒಂದು ಹಿಡಿ ಬೆಲ್ಲ ಹಾಕಿ ತಿರುಗಿಸಿದರೆ ಬಿಟ್ಟ ಎಣ್ಣೆಯನ್ನು ಬೆಲ್ಲ ಹೀರಿಕೊಳ್ಳುತ್ತದೆ. ಕಡಲೆಹಿಟ್ಟನ್ನು ಎರಡು ಚಮಚ ಎಣ್ಣೆಯಲ್ಲಿ ಘಮ ಬರುವವರೆಗೆ ಹುರಿದು ಸೇರಿಸು. ಇದು ನಿನ್ನ ಅತ್ತೆಯ ಕಡೆಯ ವಿದ್ಯೆ. ಕಾವಿಗೆ ಕರಗುವ ಬೆಲ್ಲವನ್ನು ಹಿಡಿದಿಡುವುದು ಈ ಹಿಟ್ಟೇ. ಹುರಿದ ಗಸಗಸೆ ಸ್ವಲ್ಪ, ಏಲಕ್ಕಿ, ಚೂರು ಜಾಜಿಕಾಯಿ ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದು. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳಿಂದ ಒತ್ತಿದರೆ ಬಿರಿಯಬೇಕು. ಉದುರಾಗಿದ್ದರೆ ಹಾಲು ಹಾಕಬೇಡ, ಬಾಳಿಕೆ ಕಡಿಮೆಯಾಗುತ್ತದೆ. ಒಂದು ಚಮಚ ತುಪ್ಪ ಸಾಕು.

ಕಣಕಕ್ಕೆ 2 ಬಟ್ಟಲು ಗೋಧಿಹಿಟ್ಟು, ಕಾಲು ಬಟ್ಟಲು ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ಚಮಚ ಕಾದ ಎಣ್ಣೆ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಕಲಸಿ, ಅರ್ಧ ಗಂಟೆ ಮುಚ್ಚಿಡು. ಕಣಕ ಮೆತ್ತಗಾಗಿ ಹೂರಣ ಗಟ್ಟಿಯಾದರೆ ಲಟ್ಟಿಸುವಾಗ ಕಣಕವಷ್ಟೇ ಓಡುತ್ತದೆ, ಹೂರಣ ನಡುವೆಯೇ ಉಳಿಯುತ್ತದೆ. ಎರಡೂ ಒಂದೇ ಹದದಲ್ಲಿರಲಿ.

ಕಣಕದೊಳಗೆ ಹೂರಣ ತುಂಬಿ ಬಾಯಿ ಮುಚ್ಚುವುದು ನಮ್ಮ ಪದ್ಧತಿ. ಎರಡು ಸಣ್ಣ ಪೂರಿಗಳ ನಡುವೆ ಹೂರಣವಿಟ್ಟು ಅಂಚು ಒತ್ತುವುದು ಗುಳಪೋಳಿಯ ಪದ್ಧತಿ. ಈ ಹೋಳಿಗೆಗೆ ಎರಡನೆಯದೇ ಸರಿ, ಹೂರಣ ಅಂಚಿನವರೆಗೂ ಸಮವಾಗಿ ಹರಡುತ್ತದೆ. ಎರಡು ಪೂರಿಗಳ ಹಿಟ್ಟು ಎಷ್ಟೋ, ಹೂರಣವೂ ಅಷ್ಟೇ ಇರಲಿ. ಅಕ್ಕಿಹಿಟ್ಟು ಉದುರಿಸಿ, ನಡುವಿನಿಂದ ಅಂಚಿನ ಕಡೆಗೆ ಹಗುರ ಕೈಯಲ್ಲಿ ಲಟ್ಟಿಸು. ಅಂಚಿನಲ್ಲಿ ಬರೀ ಕಣಕ ಉಳಿದರೆ ಕರ್ಜಿಕಾಯಿ ಕತ್ತರಿಸುವ ಚಕ್ರದಿಂದ ಸುತ್ತ ತೆಗೆದುಬಿಡು.

ಹಂಚಿನ ಉರಿ ಮಧ್ಯಮವಾಗಿರಲಿ. ಎಣ್ಣೆ ಬೇಡ, ಪದೇ ಪದೇ ತಿರುವುವುದೂ ಬೇಡ. ಎಲ್ಲಾದರೂ ಬೆಲ್ಲ ಒಡೆದು ಹಂಚಿಗೆ ಹತ್ತಿದರೆ ಗಾಬರಿಯಾಗಬೇಡ. ಹೋಳಿಗೆ ತೆಗೆದು, ಉರಿ ತಗ್ಗಿಸಿ, ಒದ್ದೆ ಬಟ್ಟೆಯಿಂದ ಹಂಚು ಒರೆಸಿ ಮುಂದುವರಿ. ಒರೆಸದೆ ಬಿಟ್ಟರೆ ಆ ಬೆಲ್ಲ ಸುಟ್ಟು ಮುಂದಿನ ಹೋಳಿಗೆಗೆಲ್ಲ ಕರಿ ಬಳಿಯುತ್ತದೆ. ಬೆಂದವನ್ನು ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸಬೇಡ, ಹಬೆಗೆ ಮೆತ್ತಗಾಗುತ್ತವೆ. ಹಾಳೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕು. ಗರಿಗರಿ ಬರುವುದು ಆರಿದ ಮೇಲೆಯೇ.

ಬೇಳೆಯ ಹೂರಣ ಮರುದಿನವೇ ಹಳಸಬಹುದು. ಇದರಲ್ಲಿ ನೀರಿನಂಶವಿಲ್ಲ, ವಾರಕ್ಕೆ ಮೋಸವಿಲ್ಲ. ಪುಣೆ, ಮುಂಬಯಿಯಲ್ಲಿರುವ ನಿಮ್ಮವರಿಗೂ ಊರಿನಲ್ಲಿರುವ ಅಮ್ಮನಿಗೂ ಕಟ್ಟಿ ಕಳಿಸಬಹುದು. ಜನವರಿಯ ಒಣ ಹವೆ ಈ ಅಡುಗೆಗೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಮಾತ್ರ ಇದರ ಗೋಜಿಗೆ ಹೋಗಬೇಡ. ಘಟ್ಟದ ಮಂಜು ಮನೆಯೊಳಗೇ ಬರುವ ದಿನಗಳಲ್ಲಿ ಬೆಲ್ಲ ಬೆವರುತ್ತದೆ, ಹೋಳಿಗೆ ಒಂದೇ ದಿನಕ್ಕೆ ಜಿಗುಟಾಗುತ್ತದೆ.

ಇನ್ನೊಂದು ಮಾತು ಅಡುಗೆಗಿಂತ ದೊಡ್ಡದು. ಹೂರಣ ಕೂಡಿಸುವ ಮೊದಲು ಅತ್ತೆಯ ಪಕ್ಕ ನಿಂತು ಅವರ ಗುಳಪೋಳಿಯನ್ನು ಅವರು ಮಾಡುವ ಹಾಗೆಯೇ ಒಮ್ಮೆ ಮಾಡು. ಅಮ್ಮನಿಗೆ ಫೋನ್ ಹಚ್ಚಿ ಶೇಂಗಾ ಹೋಳಿಗೆಯನ್ನೂ ಅದರ ಪಾಡಿಗೆ ಒಮ್ಮೆ ಮಾಡು. ಬೇರೆ ಬೇರೆಯಾಗಿ ಎರಡೂ ಕೈಗೆ ಹತ್ತಿದ ಮೇಲೆಯೇ ಕೂಡಿಸು. ಅರ್ಧ ಕಲಿತ ಎರಡನ್ನು ಬೆರೆಸಿದರೆ ಎರಡರ ರುಚಿಯೂ ಕೆಡುತ್ತದೆ, ಎರಡೂ ಮನೆಯವರಿಗೂ ಬೇಸರವಾಗುತ್ತದೆ. ಬಡಿಸುವಾಗ ಇದರಲ್ಲಿ ಯಾರ ಮನೆಯದು ಏನಿದೆ ಎಂದು ಬಾಯಿಬಿಟ್ಟು ಹೇಳು. ಕಡಲೆಹಿಟ್ಟು ಹುರಿಯಲು ಕಲಿಸಿದವರು ಅತ್ತೆ, ಶೇಂಗಾದ ಹದ ಅಮ್ಮನದು ಎಂದು ಇಬ್ಬರ ಹೆಸರೂ ಬರಲಿ. ಎರಡು ಭಾಷೆಯ ಮನೆಗೆ ಬಂದವಳು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗಿಲ್ಲ. ಎರಡನ್ನೂ ಚೆನ್ನಾಗಿ ಕಲಿ, ಈ ಹಬ್ಬಕ್ಕೆ ಮಾಡು, ನಾಳೆ ನಿನ್ನ ಮಕ್ಕಳಿಗೂ ಕಲಿಸು.